ಕಲ್ಲುಪುಡಿ, ವೆಲ್ಡಿಂಗ್ ಹೊಗೆ, ಥಿನ್ನರ್: ಮೂರಕ್ಕೂ ಒಂದೇ ಮಾತ್ರೆ ಸಾಕಾ?

ಹೂಟಗಳ್ಳಿ_ಶೆಡ್
ಎಲ್ಲರಿಗೂ ನಮಸ್ಕಾರ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಒಂದೇ ಶೆಡ್ಡಿನಲ್ಲಿ ಮೂರು ಕೆಲಸ ನಡೀತಿದೆ. ಮುಂದುಗಡೆ ಗ್ರಾನೈಟ್ ಕಟಿಂಗು ಮತ್ತು ಅಂಚು ಉಜ್ಜೋದು, ನಡುವೆ ಗೇಟು-ಗ್ರಿಲ್ಲಿನ ವೆಲ್ಡಿಂಗು, ಹಿಂದುಗಡೆ ಸ್ಪ್ರೇ ಪೇಂಟು. ಒಟ್ಟು ಹನ್ನೊಂದು ಜನ. ಒಬ್ಬ ಮಾರಾಟದವನು ‘ಆಕ್ಸಿಡೇಟಿವ್ ಸ್ಟ್ರೆಸ್’ ತಡೆಯೋ ಮಾತ್ರೆ ಅಂತ ತಂದಿದ್ದಾನೆ, ತಲೆಗೆ ತಿಂಗಳಿಗೆ 600 ರೂಪಾಯಿ. ಧೂಳು, ಹೊಗೆ, ಕೆಮಿಕಲ್ಲು ಎಲ್ಲ ಮಾಡೋದು ಒಂದೇ ಹಾನಿ, ಈ ಮಾತ್ರೆ ಎಲ್ಲಕ್ಕೂ ಆಗುತ್ತೆ ಅನ್ನೋದು ಅವನ ವಾದ.

ನನ್ನ ಪ್ರಶ್ನೆ: ಈ ಸ್ಟ್ರೆಸ್ ಅಂದ್ರೆ ನಿಜಕ್ಕೂ ಏನು? ಮೂರೂ ಒಂದೇನಾ? ಮಾತ್ರೆ ಕೊಟ್ಟು ಎಲ್ಲರಿಗೂ ಎನ್95 ಹಾಕಿಸಿದ್ರೆ ಸಾಕಾ?

ಸಕ್ಕರೆನಾಡು
ಮಾತ್ರೆ ಯಾಕಣ್ಣ, ಸಂಜೆ ಒಂದೊಂದು ಉಂಡೆ ಬೆಲ್ಲ ಕೊಡಿ. ಧೂಳೆಲ್ಲ ಕೆಳಗಿಳಿಯುತ್ತೆ.

ಕೋಶಪಾಠ
ಬೆಲ್ಲ ಆಮೇಲೆ. ಮೊದಲು ಮೂಲ ಪ್ರಶ್ನೆ.

ಈ ಸ್ಟ್ರೆಸ್ಸಿಗೂ ಮನಸ್ಸಿನ ಟೆನ್ಶನ್ನಿಗೂ ಸಂಬಂಧ ಇಲ್ಲ. ಇದು ಜಮಾ-ಖರ್ಚಿನ ಏರುಪೇರು. ಜೀವಕೋಶ ಸುಮ್ಮನೆ ಬದುಕಿದ್ದರೂ ಮೈಟೊಕಾಂಡ್ರಿಯಾದಿಂದ ಅಷ್ಟಿಷ್ಟು ಎಲೆಕ್ಟ್ರಾನ್ ಸೋರಿ ಆಮ್ಲಜನಕಕ್ಕೆ ಅಂಟುತ್ತೆ, ಸೂಪರ್‌ಆಕ್ಸೈಡ್ ಹುಟ್ಟುತ್ತೆ. ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್ ಅನ್ನೋ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ. ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಸೇರಿ ಅದನ್ನು ನೀರು ಮಾಡಿ ಮುಗಿಸುತ್ತವೆ. ಈ ಪೆರಾಕ್ಸಿಡೇಸ್ ಹೆಜ್ಜೆಗೆ ಎರಡು ಗ್ಲುಟಾಥಯೋನ್, ಅಂದರೆ ಕೋಶವೇ ಮಾಡಿಕೊಳ್ಳೋ ಆ್ಯಂಟಿಆಕ್ಸಿಡೆಂಟ್, ಖರ್ಚು. ಅದನ್ನು ಮತ್ತೆ ಸಿದ್ಧ ಮಾಡೋಕೆ ಎಲೆಕ್ಟ್ರಾನ್ ಕೊಡೋ ಎನ್‌ಎಡಿಪಿಎಚ್ ಬೇಕು. ಹುಟ್ಟೋ ವೇಗ ಮತ್ತು ತೊಳೆಯೋ ವೇಗ ಸರಿಸಮ ಇರೋತನಕ ತೊಂದರೆ ಇಲ್ಲ.

ಗಲಾಟೆ ಶುರುವಾಗೋದು ಕಬ್ಬಿಣ, ತಾಮ್ರದಂಥ ಲೋಹ ಬಿಡಿಯಾಗಿ ಸಿಕ್ಕಾಗ. ಫೆರಸ್ ಕಬ್ಬಿಣಕ್ಕೆ ಪೆರಾಕ್ಸೈಡ್ ತಗುಲಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬರುತ್ತೆ. ಇದೇ ಫೆಂಟನ್ ಕ್ರಿಯೆ. ರ‍್ಯಾಡಿಕಲ್ ಅಂದರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಇರೋ, ಸುಮ್ಮನಿರದ ಅಣು. ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ತೊಳೆಯೋ ಕಿಣ್ವ ಮೈಯಲ್ಲಿ ಇಲ್ಲ. ಹುಟ್ಟಿದ ಜಾಗದಲ್ಲೇ ಪಕ್ಕದಲ್ಲಿರೋದನ್ನು, ಅದು ಕೋಶಪೊರೆಯ ಕೊಬ್ಬಾಗಲಿ, ಪ್ರೋಟೀನಾಗಲಿ, ಡಿಎನ್‌ಎ ಆಗಲಿ, ಕಚ್ಚುತ್ತೆ.

ಕೋಶ ಇದಕ್ಕೆ ಮೂರು ಮೆಟ್ಟಿಲಲ್ಲಿ ಪ್ರತಿಕ್ರಿಯೆ ಕೊಡುತ್ತೆ. ಒತ್ತಡ ಕಡಿಮೆ ಇದ್ದಾಗ ಕೀಪ್1 ಅನ್ನೋ ಕಾವಲು ಪ್ರೋಟೀನು ಹಿಡಿದಿಟ್ಟ ಎನ್‌ಆರ್‌ಎಫ್2 ಬಿಡುಗಡೆಯಾಗಿ ಕೋಶಕೇಂದ್ರಕ್ಕೆ ಹೋಗಿ ಹೆಚ್ಚು ಗ್ಲುಟಾಥಯೋನ್ ಮಾಡಿಸುತ್ತೆ. ಇದು ರಕ್ಷಣೆ. ಅದು ಸಾಲದಿದ್ದರೆ ಉರಿಯೂತದ ಜೀನು ಎಬ್ಬಿಸೋ ಎನ್‌ಎಫ್-ಕಪ್ಪಾ-ಬಿ ಎದ್ದು ಉರಿಯೂತ. ಅದನ್ನೂ ಮೀರಿದರೆ ಮೈಟೊಕಾಂಡ್ರಿಯಾ ತೂತಾಗಿ ಕೋಶ ಸಾಯುತ್ತೆ. ಮೂರೂ ಕೆಲಸದಲ್ಲಿ ಕೊನೆಗೆ ಆಗೋದು ಇದೇ ಅನ್ನೋ ಮಟ್ಟಿಗೆ ಮಾರಾಟದವನ ಮಾತು ಸರಿ. ಆದರೆ ಮೂರೂ ಒಳಗೆ ಬರೋ ಬಾಗಿಲು ಬೇರೆ ಬೇರೆ. ತಡೆ ಹಾಕಬೇಕಾದ್ದು ಬಾಗಿಲಲ್ಲಿ.

ಕನ್ನಡಪ್ರಿಯ
‘ಉತ್ಕರ್ಷಣ ಒತ್ತಡ’ ಅನ್ನಬಹುದಲ್ಲ? ಸ್ಕೂಲ್ ಪುಸ್ತಕದಲ್ಲೇ ಉತ್ಕರ್ಷಣೆ ಇದೆ.

ಬಿಸಿಲುಮಾರಿ
ಅನ್ನಿ ಯಾರು ಬೇಡ ಅಂದ್ರು. ಶೆಡ್ಡಲ್ಲಿ ಹೇಳಿದ್ರೆ ಹೊಸ ಪೇಂಟ್ ಕಂಪನಿ ಬಂತಾ ಅಂತಾರೆ.

ಕಲ್ಲುಕುಟಿಕ_ಪಾಂಡವಪುರ
ಕೋಶಪಾಠ ಮೇಷ್ಟ್ರೇ, ಗ್ರಾನೈಟ್ ವಿಷಯಕ್ಕೆ ಬರೀ ಕಬ್ಬಿಣದ ಕತೆ ಸಾಲದು. ಕಲ್ಲಿನಲ್ಲಿ ಹೆದರಬೇಕಾದ್ದು ಸ್ಫಟಿಕ ರೂಪದ ಸಿಲಿಕಾ, ಅಂದರೆ ಕ್ವಾರ್ಟ್ಜ್. ಮಾಮೂಲಿ ಗ್ರಾನೈಟಲ್ಲಿ ನೂರಕ್ಕೆ 25-30 ಭಾಗ ಅದೇ. ಬ್ಲೇಡು ಕಡಿದಾಗ ಸಿಲಿಕಾನ್-ಆಕ್ಸಿಜನ್ ಬಂಧ ಹರಿದು ಹೊಸ ಮೈಮೇಲೆ ರ‍್ಯಾಡಿಕಲ್ ಕೂತಿರುತ್ತೆ. ಅದಕ್ಕೇ ಈಗಷ್ಟೇ ಕತ್ತರಿಸಿದ ಪುಡಿ ಹಳೇ ಪುಡಿಗಿಂತ ಹೆಚ್ಚು ಉಗ್ರ. ಕಟಿಂಗ್ ಮಾಡೋನ ಮೂಗಿಗೂ ಆ ಪುಡಿ ಹುಟ್ಟೋ ಜಾಗಕ್ಕೂ ಒಂದೂವರೆ ಅಡಿ, ಅವನಿಗೆ ಸಿಗೋದೆಲ್ಲ ತಾಜಾ ಮಾಲು.

ಇನ್ನೊಂದು ವಿಷಯ. ಕಣ್ಣಿಗೆ ಕಾಣೋ ಬಿಳೀ ಧೂಳು ಅಷ್ಟು ಅಪಾಯ ಅಲ್ಲ, ಮೂಗು-ಗಂಟಲಲ್ಲೇ ನಿಂತು ಕಫದ ಜೊತೆ ಬರುತ್ತೆ. 4 ಮೈಕ್ರಾನಿನ ಆಸುಪಾಸು ಮತ್ತು ಅದಕ್ಕಿಂತ ಸಣ್ಣದು ಗಾಳಿಗೂಡಿನ ತನಕ ಇಳಿಯುತ್ತೆ. ತಲೆಕೂದಲು ಸುಮಾರು 70 ಮೈಕ್ರಾನ್ ಅನ್ನೋದು ನೆನಪಿಟ್ಟುಕೊಳ್ಳಿ.

ಕೋಶಪಾಠ
ಸರಿಯಾಗಿ ಹಿಡಿದ್ರಿ. ಮುಂದಿನದು ಸೇರಿಸ್ತೀನಿ. ಗಾಳಿಗೂಡಲ್ಲಿ ಕಸ ಗುಡಿಸೋ ಕೋಶ ಇದೆ, ಮ್ಯಾಕ್ರೋಫೇಜ್. ಕ್ವಾರ್ಟ್ಜ್ ಕಣವನ್ನು ನುಂಗಿ ಲೈಸೋಸೋಮ್ ಚೀಲಕ್ಕೆ ಹಾಕಿಕೊಳ್ಳುತ್ತೆ. ಕಣ ಜೀರ್ಣ ಆಗಲ್ಲ, ಬದಲಿಗೆ ಚೀಲವೇ ಒಡೆಯುತ್ತೆ. ಆಗ ಎನ್‌ಎಲ್‌ಆರ್‌ಪಿ3 ಅನ್ನೋ ಎಚ್ಚರಿಕೆ ಗಂಟೆ ಹೊಡೆದು ಇಂಟರ್‌ಲ್ಯೂಕಿನ್-1 ಬೀಟಾ ಹೊರಬೀಳುತ್ತೆ, ನ್ಯೂಟ್ರೋಫಿಲ್ ಸೈನ್ಯ ಓಡಿ ಬರುತ್ತೆ. ಆ ಸೈನ್ಯ ತಂದು ಸುರಿಯೋದೂ ಸೂಪರ್‌ಆಕ್ಸೈಡನ್ನೇ. ಮ್ಯಾಕ್ರೋಫೇಜ್ ಸತ್ತರೆ ಕಣ ಮತ್ತೆ ಹೊರಗೆ. ಇನ್ನೊಂದು ಬಂದು ಅದೇ ಕಣ ನುಂಗುತ್ತೆ, ಅದೂ ಸಾಯುತ್ತೆ. ಹೀಗಾಗಿ ಕೆಲಸ ಬಿಟ್ಟ ಮೇಲೂ ಸಿಲಿಕೋಸಿಸ್ (ಸಿಲಿಕಾ ಧೂಳಿಂದ ಶ್ವಾಸಕೋಶ ಗಟ್ಟಿಯಾಗೋ ಕಾಯಿಲೆ) ಮುಂದುವರಿಯೋದು ಉಂಟು. ಕಾವಲು ಕೋಶ ಸೋತು ಕೂತಿರೋದರಿಂದ ಕ್ಷಯವೂ ಬೇಗ ಹಿಡಿಯುತ್ತೆ.

ಮಿಲಿಗ್ರಾಂ
ಲೆಕ್ಕ ಬೇಕಾದವರಿಗೆ. 1948ರ ಕಾರ್ಖಾನೆ ಕಾಯ್ದೆಯ (2025ರ ನವೆಂಬರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ) ಎರಡನೇ ಅನುಸೂಚಿಯಲ್ಲಿದ್ದ ಸೂತ್ರ: ಉಸಿರಿಗಿಳಿಯುವ ಧೂಳಿನ ಮಿತಿ ಘನಮೀಟರಿಗೆ 10 ÷ (ಕ್ವಾರ್ಟ್ಜ್ ಶೇಕಡಾ + 2) ಮಿಲಿಗ್ರಾಂ. ಗ್ರಾನೈಟಿಗೆ 30 ಅಂತ ಇಟ್ಟುಕೊಂಡರೆ 10 ÷ 32, ಅಂದರೆ 0.31. ಅದರೊಳಗಿನ ಕ್ವಾರ್ಟ್ಜ್ ಮಾತ್ರ ತೆಗೆದರೆ 0.09. ಅಮೆರಿಕದಲ್ಲಿ 2016ರಿಂದ ಇದೇ ಮಿತಿ 0.05. ನಮ್ಮ ಆ ಸೂತ್ರದ್ದು ಅದರ ಸುಮಾರು ಎರಡರಷ್ಟು ಸಡಿಲ.

ಎಂಟು ಗಂಟೆ ಮೈಮುರಿದು ದುಡಿಯೋನು ಎಳೆದುಕೊಳ್ಳೋ ಗಾಳಿ ಸುಮಾರು 10 ಘನಮೀಟರ್. 0.05ರಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಕ್ವಾರ್ಟ್ಜ್. ಉಪ್ಪಿನ ನಾಲ್ಕಾರು ಹರಳಿನಷ್ಟು.

ಶೆಡ್ಡಿನಲ್ಲಿ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್ ಕೂಡ ಕತ್ತರಿಸ್ತೀರಾ? ಅದರಲ್ಲಿ ಸಿಲಿಕಾ 90ರ ಮೇಲೆ. ಸೂತ್ರ ಹಾಕಿದರೆ ಮಿತಿ 0.11ಕ್ಕೆ ಇಳಿಯುತ್ತೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸೇಬಿಟ್ಟಿತು.

ಹೂಟಗಳ್ಳಿ_ಶೆಡ್
ತಿಂಗಳಿಗೆ ಎರಡೋ ಮೂರೋ ಕಿಚನ್ ಪ್ಲಾಟ್‌ಫಾರ್ಮು ಕ್ವಾರ್ಟ್ಜ್‌ದು ಬರುತ್ತೆ. ಸಿಂಕ್ ತೂತು, ಅಂಚು ಎಲ್ಲ ಆಂಗಲ್ ಗ್ರೈಂಡರಲ್ಲೇ, ಒಣ. ಮಗ್ಗಲಿಗೆ ಪೆಡೆಸ್ಟಲ್ ಫ್ಯಾನ್ ಇಟ್ಟಿದ್ದೀವಿ.

ಕಲ್ಲುಕುಟಿಕ_ಪಾಂಡವಪುರ
ಫ್ಯಾನ್ ಮೊದಲು ತೆಗೀರಿ ಸ್ವಾಮಿ! ಕಲ್ಲಿನವನ ಧೂಳನ್ನು ವೆಲ್ಡರಿಗೆ ಉಣಬಡಿಸೋ ಯಂತ್ರ ಅದು. ಒಣ ಕಟಿಂಗ್ ನಿಲ್ಲಿಸಿ. ಬ್ಲೇಡು ಕಲ್ಲಿಗೆ ತಾಗೋ ಜಾಗಕ್ಕೇ ನೀರು ಬೀಳಬೇಕು, ಕನಿಷ್ಠ ನಿಮಿಷಕ್ಕೆ ಅರ್ಧ ಲೀಟರ್. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಹುಡುಗನ ಕೈಲಿ ಹನಿಸಿದ್ರೆ ಆಗಲ್ಲ, ಅವನು ಫೋನ್ ನೋಡೋ ಹೊತ್ತಿಗೆ ಧೂಳೆದ್ದಿರುತ್ತೆ.

ವೈರ್‌ಮನ್_570
ತಡೀರಿ ತಡೀರಿ. ಮಾಮೂಲಿ ಕರೆಂಟ್ ಗ್ರೈಂಡರಿಗೆ ನೀರು ಹುಯ್ದ್ರೆ ಶ್ವಾಸಕೋಶ ಉಳಿದು ಮನುಷ್ಯ ಹೋಗ್ತಾನೆ. ನೀರಿಗೆಂದೇ ಮಾಡಿದ ವೆಟ್ ಗ್ರೈಂಡರ್ ತಗೊಳ್ಳಿ, ಇಲ್ಲವೇ ಗಾಳಿಯಲ್ಲಿ ಓಡೋದು. ಕಂಪ್ರೆಸರ್ ಪೇಂಟಿಗೆ ಹೇಗೂ ಇದೆ. ಕರೆಂಟಿಂದೇ ಆದರೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ 30 ಮಿಲಿಆಂಪ್‌ನ ಆರ್‌ಸಿಸಿಬಿ ಆ ಲೈನಿಗೆ ಪ್ರತ್ಯೇಕ ಹಾಕಿ, ಪ್ಲಗ್ಗು ನೆಲದಿಂದ ಮೇಲಿರಲಿ, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. 100 ಮಿಲಿಆಂಪ್‌ದು ಬೆಂಕಿ ತಡೆಯೋಕೆ, ಜೀವ ಉಳಿಸೋಕಲ್ಲ. ಅಂಗಡಿಯವನು ಎರಡೂ ಒಂದೇ ಅಂತಾನೆ, ನಂಬಬೇಡಿ.

ಸಕ್ಕರೆನಾಡು
ನನ್ನ ಬೆಲ್ಲದ ಮಾತಿಗೆ ಯಾರೂ ಉತ್ತರ ಕೊಡ್ಲಿಲ್ಲ. ಇದು ಅಜ್ಜಿ ಕತೆ ಅಲ್ಲ, ಲಕ್ನೋದ ವಿಜ್ಞಾನಿಗಳೇ ಇಲಿ ಮೇಲೆ ಪ್ರಯೋಗ ಮಾಡವ್ರೆ.

ಮಿಲಿಗ್ರಾಂ
ಮಾಡಿದ್ದಾರೆ, ಪ್ರಕಟವಾಗಿದ್ದು 1994ರಲ್ಲಿ. ಪೂರ್ತಿ ಹೇಳೋಣ. ಇಲಿಯ ಶ್ವಾಸನಾಳಕ್ಕೆ 50 ಮಿಲಿಗ್ರಾಂ ಕಲ್ಲಿದ್ದಲು ಪುಡಿ ನೇರವಾಗಿ ಬಿಟ್ಟರು. ಬೆಲ್ಲ ದಿನಕ್ಕೆ ಅರ್ಧ ಗ್ರಾಂ, ವಾರಕ್ಕೆ ಐದು ದಿನ, 90 ದಿನ. ಬೆಲ್ಲ ತಿಂದ ಇಲಿಗಳಲ್ಲಿ ಕಣಗಳು ಶ್ವಾಸಕೋಶದಿಂದ ಪಕ್ಕದ ದುಗ್ಧಗ್ರಂಥಿಗೆ ಬೇಗ ಸಾಗಿದವು. ದುಗ್ಧಗ್ರಂಥಿ ಮೈಯೊಳಗೇ ಇದೆ ಅಲ್ವಾ? ಹಜಾರದ ಕಸ ಕೋಣೆಗೆ ಗುಡಿಸಿದ ಹಾಗೆ.

ಇಲಿ 200 ಗ್ರಾಂ ಅಂದುಕೊಂಡರೆ ಅರ್ಧ ಗ್ರಾಂ ಅಂದರೆ ಕೆಜಿಗೆ ಎರಡೂವರೆ ಗ್ರಾಂ. ತೂಕಕ್ಕೆ ತೂಕ ಹಿಡಿದರೆ 60 ಕೆಜಿ ಆಳಿಗೆ ದಿನಾ 150 ಗ್ರಾಂ. ಹನ್ನೊಂದು ಜನಕ್ಕೆ ದಿನಕ್ಕೆ ಒಂದೂ ಮುಕ್ಕಾಲು ಕೆಜಿ ಹತ್ತಿರ. ಅವರಲ್ಲಿ ಸಕ್ಕರೆ ಕಾಯಿಲೆಯೋರು ಎಷ್ಟು ಜನ?

ಸಕ್ಕರೆನಾಡು
ಅಯ್ಯೋ ಬುಡಿ ಅತ್ಲಾಗೆ. ನಾಲ್ಗೆಗೆ ರುಚಿ ಅಂತಲಾದ್ರೂ ತಿನ್ಲಿ.

ಹೊಗೆಗೂಡು
ಬೆಲ್ಲ ತಿನ್ನೋರ ಮಾತು ಆಯ್ತು, ಬೆಲ್ಲ ಕಾಯಿಸೋರ ಮಾತು ಯಾರೂ ಆಡಲ್ಲ. ಮದ್ದೂರು, ಪಾಂಡವಪುರ ಸೀಮೆ ಆಲೆಮನೆಗಳಲ್ಲಿ ಒಲೆಗೆ ಉರಿ ಹಾಕೋನು ಕೂರೋ ಜಾಗ ನೋಡಿ. ಕಬ್ಬಿನ ಸಿಪ್ಪೆ ಹಸಿ ಇದ್ದರೆ ಉರಿ ತಣ್ಣಗಾಗಿ ಅರೆಬೆಂದ ಹೊಗೆ. ಆ ಹೊಗೆಯ ಮಸಿಗೆ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್ನು, ಕ್ವಿನೋನು ಅಂಟಿರುತ್ತೆ. ಕ್ವಿನೋನ್ ಒಂದು ಅಣು ಸಾಕು: ಕೋಶದಿಂದ ಎಲೆಕ್ಟ್ರಾನ್ ಇಸ್ಕೊಂಡು ಆಮ್ಲಜನಕಕ್ಕೆ ಕೊಟ್ಟು, ಮತ್ತೆ ಮೊದಲಿನಂತಾಗಿ, ಮತ್ತೆ ಇಸ್ಕೊಳ್ಳುತ್ತೆ. ಹೋಗಿ ಬರೋ ಏತದ ಹಾಗೆ, ನಿಲ್ಲೋದೇ ಇಲ್ಲ. ಇನ್ನು ಸಿಪ್ಪೆ ಸಾಲದೆ ಟಯರ್ ತುಂಡು ಹಾಕೋದು ಅಂದರೆ ಅದರ ಮೇಲೆ ಗಂಧಕ, ಸತು ಬೇರೆ.

ಬೆಲ್ಲ ಬೆಳ್ಳಗಾಗಲಿ ಅಂತ ಹಾಕೋ ಹೈಡ್ರೋಸ್ ಕೂಡ ಇದೇ ಲೆಕ್ಕ. ಅದು ಸೋಡಿಯಂ ಡೈಥಯೋನೈಟ್. ಕುದಿಯೋ ಕೊಪ್ಪರಿಗೆಗೆ ಬಿದ್ದ ತಕ್ಷಣ ಗಂಧಕದ ಡೈಆಕ್ಸೈಡ್ ಏಳುತ್ತೆ. ಕೊಪ್ಪರಿಗೆ ಮೇಲೆ ಬಗ್ಗಿ ಹಾಕೋನ ಮುಖಕ್ಕೇ ಬರುತ್ತೆ.

ಕಬ್ಬಿನಗದ್ದೆ
ಸಕ್ಕರೆ ಕಾರ್ಖಾನೆ ಅಂಗಳದ ಸಿಪ್ಪೆ ರಾಶಿನೂ ಸೇರಿಸಿ, ಬಗಾಸೋಸಿಸ್ ಬರೋದೂ ಆಕ್ಸಿಡೇಟಿವ್ ಸ್ಟ್ರೆಸ್ಸಿಂದಲೇ.

ಕೋಶಪಾಠ
ಅಲ್ಲ, ಅದು ಬೇರೆ ಹಾದಿ. ಬೂಷ್ಟು ಹಿಡಿದ ಹಳೇ ಸಿಪ್ಪೆಯಲ್ಲಿ ಥರ್ಮೋಆಕ್ಟಿನೋಮೈಸಿಸ್ ಸಕ್ಕರೈ ಅನ್ನೋ ಸೂಕ್ಷ್ಮಜೀವಿ ಬೆಳೆಯುತ್ತೆ. ಅದರ ಬೀಜಕಣಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳೋದೇ ಬಗಾಸೋಸಿಸ್. ಉರಿಯೂತ ಶುರುವಾದ ಮೇಲೆ ರ‍್ಯಾಡಿಕಲ್ ಬಂದೇ ಬರುತ್ತೆ, ಆದರೆ ಕಿಡಿ ಹಚ್ಚಿದ್ದು ಅದಲ್ಲ. ಭಾರತದಲ್ಲಿ ಮೊದಲು ವರದಿಯಾಗಿದ್ದು 1955ರಲ್ಲಿ, ಕೋಲ್ಕತ್ತ ಹತ್ತಿರದ ರಟ್ಟಿನ ಕಾರ್ಖಾನೆಯಿಂದ. ಸಿಪ್ಪೆಯ ತೇವ ಶೇ. 20ಕ್ಕಿಂತ ಮೇಲೆ ಇಟ್ಟು, ಶೇ. 2ರ ಪ್ರೊಪಿಯೋನಿಕ್ ಆಮ್ಲ ಚಿಮುಕಿಸೋದು ಪಠ್ಯದಲ್ಲಿರೋ ಉಪಾಯ. ಎಲ್ಲಕ್ಕೂ ಆಕ್ಸಿಡೇಟಿವ್ ಸ್ಟ್ರೆಸ್ ಹಣೆಪಟ್ಟಿ ಅಂಟಿಸೋದೇ ಆ ಮಾತ್ರೆ ಮಾರೋನ ಬಂಡವಾಳ.

ಆರ್ಕ್_ಮೆಟಗಳ್ಳಿ
ವೆಲ್ಡಿಂಗ್ ಬಗ್ಗೆ ಹೇಳ್ತೀನಿ. ವೆಲ್ಡಿಂಗ್ ಹೊಗೆ ಅಂದ್ರೆ ಹೊಗೆ ಅಲ್ಲ, ಆವಿಯಾದ ಲೋಹ ತಣಿದು ಕಣ ಆಗಿರೋದು. ಬಹುಪಾಲು 1 ಮೈಕ್ರಾನಿಗಿಂತ ಸಣ್ಣ. ಸಣ್ಣದು ಯಾಕೆ ಕೆಟ್ಟದು? 10 ಮೈಕ್ರಾನಿನ ಒಂದು ಕಣವನ್ನು 0.1 ಮೈಕ್ರಾನಿನ ಕಣಗಳಾಗಿ ಒಡೆದರೆ ಹತ್ತು ಲಕ್ಷ ಕಣ ಆಗುತ್ತೆ. ತೂಕ ಅಷ್ಟೇ, ಮೈಯಗಲ ನೂರು ಪಟ್ಟು. ಕ್ರಿಯೆ ನಡೆಯೋದು ಮೈಮೇಲೆ.

ಮೈಲ್ಡ್ ಸ್ಟೀಲಾದರೆ ಕಬ್ಬಿಣ, ಮ್ಯಾಂಗನೀಸ್. ಸ್ಟೇನ್‌ಲೆಸ್ ಆದರೆ ನಿಕ್ಕಲ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ. ಈ ಕ್ರೋಮೇಟ್ ಆಕಾರದಲ್ಲಿ ಸಲ್ಫೇಟ್ ಥರ, ಸಲ್ಫೇಟಿಗಿರೋ ಬಾಗಿಲಲ್ಲೇ ಕೋಶದೊಳಗೆ ನುಗ್ಗುತ್ತೆ. ಒಳಗೆ ವಿಟಮಿನ್ ಸಿ, ಗ್ಲುಟಾಥಯೋನ್ ಅದನ್ನು ಮೂರು ವೇಲೆನ್ಸಿಗೆ ಇಳಿಸುತ್ತವೆ. ಇಳಿಯೋ ದಾರಿಯಲ್ಲಿ ರ‍್ಯಾಡಿಕಲ್ ಹುಟ್ಟುತ್ತೆ, ಇಳಿದ ಮೇಲೆ ಡಿಎನ್‌ಎಗೆ ಅಂಟಿಕೊಳ್ಳುತ್ತೆ. ತಮಾಷೆ ಗಮನಿಸಿ: ಇಲ್ಲಿ ಆ್ಯಂಟಿಆಕ್ಸಿಡೆಂಟೇ ಕಿಡಿಗೆ ಗಾಳಿ ಊದೋದು.

ಈಗ ಹೊಗೆ ಎಳೆಯೋ ಪೈಪು. ಎಲ್ಲ ಕಡೆ ಮಾಡೋ ತಪ್ಪು ದೂರದ್ದು. ಆರಿಂಚಿನ, ಅಂದರೆ 15 ಸೆಂ.ಮೀ. ಪೈಪಿನ ಬಾಯಲ್ಲಿ ಎಷ್ಟೇ ವೇಗ ಇರಲಿ, 15 ಸೆಂ.ಮೀ. ಆಚೆ ಅದರ ನೂರಕ್ಕೆ ಏಳು ಭಾಗ ಮಾತ್ರ ಉಳಿಯುತ್ತೆ. 30 ಸೆಂ.ಮೀ. ಆಚೆ ಎರಡು ಭಾಗವೂ ಇಲ್ಲ. ಆರ್ಕ್ ಹತ್ತಿರ ಸೆಕೆಂಡಿಗೆ ಅರ್ಧ ಮೀಟರ್ ಸೆಳೆತ ಬೇಕು ಅಂದರೆ 15 ಸೆಂ.ಮೀ. ದೂರಕ್ಕೆ ಗಂಟೆಗೆ ಸುಮಾರು 440 ಘನಮೀಟರ್ ಗಾಳಿ ಸಾಕು. 30 ಸೆಂ.ಮೀ.ಗೆ 1650 ಬೇಕು, ಹೆಚ್ಚೂಕಡಿಮೆ ನಾಲ್ಕು ಪಟ್ಟು ದೊಡ್ಡ ಬ್ಲೋಯರು. ದುಡ್ಡು ಉಳಿಸೋ ದಾರಿ ಒಂದೇ, ಬಾಯಿ ಹತ್ತಿರ ತನ್ನಿ. ಬಗ್ಗೋ ತೋಳು ಹಾಕಿ, ಪ್ರತಿ ಜಾಯಿಂಟಿಗೂ ಸರಿಸಿ. ಛಾವಣಿಯ ಎಕ್ಸಾಸ್ಟ್ ಫ್ಯಾನ್ ಹೊಗೆಯನ್ನು ವೆಲ್ಡರ್ ಮುಖದ ಮುಂದೆಯೇ ಮೆರವಣಿಗೆ ಮಾಡಿಸಿ ಕರ್ಕೊಂಡು ಹೋಗುತ್ತೆ.

ಜಿಐ (ಸತು ಲೇಪಿಸಿದ) ಪೈಪಾದರೆ ಬೆಸುಗೆ ಜಾಗದ ಎರಡೂ ಕಡೆ ಎರಡಿಂಚು ಸತು ಉಜ್ಜಿ ತೆಗೀರಿ. ಇಲ್ಲದಿದ್ರೆ ಸಂಜೆಗೆ ನಡುಕದ ಜ್ವರ. ಹಾಲು ಕುಡಿದ್ರೆ ಹೋಗುತ್ತೆ ಅನ್ನೋದು ಸುಳ್ಳು.

ಬಿಸಿಲುಮಾರಿ
ಒಂದು ನಿಮಿಷ. ಥಿನ್ನರ್ ಸ್ಪ್ರೇ ಮಾಡೋ ಶೆಡ್ಡಿನಲ್ಲೇ ವೆಲ್ಡಿಂಗ್ ಕಿಡಿ?? ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ಗೇ ಹೊತ್ತಿಕೊಳ್ಳೋವಷ್ಟು ಆವಿ ಕೊಡುತ್ತೆ. ಬೆಂಕಿನೂ ಒಂದು ಆಕ್ಸಿಡೇಷನ್ನೇ, ಜೀವಕೋಶದ ತನಕ ಕಾಯಲ್ಲ ಅಷ್ಟೆ.

ಆರ್ಕ್_ಮೆಟಗಳ್ಳಿ
ಹೌದು, ಅದು ಮೊದಲನೇ ಸಾಲಲ್ಲೇ ಹೇಳಬೇಕಿತ್ತು. ಕನಿಷ್ಠ 35 ಅಡಿ ದೂರ, ಆಗದಿದ್ರೆ ನಡುವೆ ಶೀಟಿನ ಗೋಡೆ, ಎರಡೂ ಕೆಲಸ ಒಂದೇ ಹೊತ್ತಲ್ಲಿ ಬೇಡ. ಜಿಡ್ಡು ತೆಗೆಯೋಕೆ ಟ್ರೈಕ್ಲೋರೋಎಥಿಲೀನ್ ಬಳಸ್ತಿದ್ರೆ ಇನ್ನೊಂದು ಅಪಾಯ: ಅದರ ಆವಿಗೆ ಆರ್ಕಿನ ನೇರಳಾತೀತ ಬೆಳಕು ಬಿದ್ದರೆ ಫಾಸ್ಜೀನ್ ಅನ್ನೋ ವಿಷಾನಿಲ ಆಗುತ್ತೆ. ಕ್ಲೋರಿನ್ ಇರೋ ಕ್ಲೀನರ್ ಆ ಶೆಡ್ಡಿನೊಳಗೆ ಬರಲೇಬಾರದು.

ಡಬ್ಬಿ_ಬ್ರಷ್ಷು
ಪೇಂಟು ಒಂದು ಡಬ್ಬಿಯದಾ, ಎರಡು ಡಬ್ಬಿಯದಾ? ಹಾರ್ಡ್‌ನರ್ ಕಲಸೋ ಪಿಯು (ಪಾಲಿಯುರೆಥೇನ್) ಪೇಂಟಾದರೆ ಅದರಲ್ಲಿ ಐಸೋಸೈನೇಟ್ ಇರುತ್ತೆ. ಅದು ಶ್ವಾಸಕೋಶದ ಗ್ಲುಟಾಥಯೋನ್‌ಗೆ ನೇರ ಅಂಟಿ ಖಾಲಿ ಮಾಡುತ್ತೆ, ಪ್ರೋಟೀನಿಗೆ ಅಂಟಿ ಅಸ್ತಮಾ ಹಚ್ಚುತ್ತೆ. ಒಮ್ಮೆ ಅಸ್ತಮಾ ಹಿಡಿದ ಮೇಲೆ ಎಳ್ಳಷ್ಟು ಸೋಕಿದರೂ ಕೆರಳುತ್ತೆ. ವಾಸನೆ ಬರೋ ಹೊತ್ತಿಗೆ ಮಿತಿ ದಾಟಿ ಹೋಗಿರುತ್ತೆ, ಆದ್ದರಿಂದ ಇದಕ್ಕೆ ಹೊರಗಿನ ಶುದ್ಧ ಗಾಳಿ ಪೈಪಲ್ಲಿ ಬರೋ ಮುಸುಕೇ ಸರಿ.

ಬರೀ ಎನಾಮಲ್ಲು, ಥಿನ್ನರ್ ಆದರೆ ಕಂದು ಪಟ್ಟಿಯ ಇದ್ದಿಲು ಕಾರ್ಟ್ರಿಡ್ಜ್, ಮುಂದೆ ಬಿಳಿ ಪಟ್ಟಿಯ ಕಣದ ಫಿಲ್ಟರ್. ಎನ್95 ಆವಿಯನ್ನು ತಡೆಯಲ್ಲ, ಅದು ಕಣಕ್ಕೆ ಮಾತ್ರ. ಕಾರ್ಟ್ರಿಡ್ಜ್ ಮೊಳೆಗೆ ನೇತುಹಾಕಿ ಮನೆಗೆ ಹೋದ್ರೆ ರಾತ್ರಿಯಿಡೀ ಶೆಡ್ಡಿನ ಆವಿ ಹೀರಿ ಬೆಳಿಗ್ಗೆಗೆ ಸತ್ತಿರುತ್ತೆ. ಜಿಪ್ ಕವರಿಗೆ ಹಾಕಿ ಮುಚ್ಚಿ, ಬಿಚ್ಚಿದ ತಾರೀಖು ಸ್ಕೆಚ್ ಪೆನ್ನಲ್ಲಿ ಬರೀರಿ. ಕೈ ತೊಳೆಯೋಕೆ ಥಿನ್ನರ್ ಬೇಡ, ಸೋಪು.

ಕಿವಿಮಾತು
ಯಾರೂ ಹೇಳದ ಒಂದು: ಟಾಲ್ವೀನು, ಗ್ರೈಂಡರ್ ಸದ್ದು ಎರಡೂ ಸೇರಿದರೆ ಕಿವಿಗೆ ಒಂದಕ್ಕೆ ಎರಡು ಹೊಡೆತ. ಒಳಗಿವಿಯ ರೋಮಕೋಶ ಸಾಯೋದೂ ಇದೇ ರ‍್ಯಾಡಿಕಲ್ ದಾಳಿಯಿಂದ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಊರಲ್ಲೇ ಇರೋವಾಗ ಹನ್ನೊಂದು ಜನದ ಶ್ರವಣ ಪರೀಕ್ಷೆ ಒಮ್ಮೆ ಮಾಡಿಸಿಡಿ.

ಬೀಟೆಮರ
ಮೈಸೂರಿನ ಕೆತ್ತನೆ, ಇನ್‌ಲೇ ಕೆಲಸದೋರೂ ಇದನ್ನು ಓದಲಿ. ಬೀಟೆ ಮರದ ಹುಡಿಯಲ್ಲಿ ಡಾಲ್ಬರ್ಜಿಯೋನ್ ಅನ್ನೋ ಕ್ವಿನೋನ್ ಸಹಜವಾಗೇ ಇದೆ, ಉಜ್ಜೋರ ಮುಂಗೈಯಲ್ಲಿ ತುರಿಕೆ ಬೊಕ್ಕೆ ಬರೋದು ಅದರಿಂದ. ಸ್ಯಾಂಡ್‌ಪೇಪರ್ 80 ನಂಬರಿಗಿಂತ 220ರಲ್ಲಿ ಹುಡಿ ನುಣ್ಣಗೆ, ಹೆಚ್ಚು ಹೊತ್ತು ತೇಲುತ್ತೆ. ಫಿನಿಶಿಂಗ್ ಹೊತ್ತಲ್ಲೇ ಮಾಸ್ಕ್ ತೆಗೆದಿಡೋ ಅಭ್ಯಾಸ ಬಿಡಿ.

ಅಕ್ಕಿಗಿರಣಿ
ರೈಸ್ ಮಿಲ್ಲಿನವರಿಗೂ ಒಂದೆರಡು. ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ತಣ್ಣನೆ ಉರಿಯಲ್ಲಿ ಅದು ಸ್ಫಟಿಕವಾಗಿರಲ್ಲ. ಬಾಯ್ಲರ್ ಉರಿ ಜೋರಾದರೆ ಕ್ರಿಸ್ಟೋಬಲೈಟ್ ಆಗುತ್ತೆ, ಅದು ಕ್ವಾರ್ಟ್ಜಿನ ದಾಯಾದಿ. ಬೂದಿ ಎತ್ತೋ ಮುಂಚೆ ನೀರು ಚಿಮುಕಿಸಿ.

ಗೋಡೌನಿಗೆ ಹಾಕೋ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ 3 ಗ್ರಾಮಿನದು 1 ಗ್ರಾಂ ಫಾಸ್ಫೀನ್ ಬಿಡುತ್ತೆ. 100 ಘನಮೀಟರ್ ಕೋಣೆಯಲ್ಲಿ ಒಂದೇ ಮಾತ್ರೆ ಅಂದರೆ ಸುಮಾರು 7 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 7. ಕೆಲಸದ ಮಿತಿ 0.3. ಅದು ಮೈಟೊಕಾಂಡ್ರಿಯಾದ ಕೊನೇ ಕಿಣ್ವವನ್ನೇ ಕಟ್ಟಿಹಾಕುತ್ತೆ, ಹಿಂದೆ ನಿಂತ ಎಲೆಕ್ಟ್ರಾನೆಲ್ಲ ಸೂಪರ್‌ಆಕ್ಸೈಡ್ ಆಗಿ ಸೋರುತ್ತೆ. ಎನ್95 ಇದಕ್ಕೂ ದಂಡ.

ಕಬ್ಬಿನಗದ್ದೆ
ಕಳೆಗೆ ಹೊಡೆಯೋ ಪ್ಯಾರಾಕ್ವಾಟ್?

ಕೋಶಪಾಠ
ಅದು ಈ ವಿಷಯದ ಪಠ್ಯಪುಸ್ತಕದ ಉದಾಹರಣೆ. ಹೊಗೆಗೂಡು ಹೇಳಿದ ಏತ ಇಲ್ಲಿ ಇನ್ನೂ ಜೋರು. ಕಳೆಯೊಳಗೂ ಅಷ್ಟೇ, ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನ್ ಕದ್ದು ಆಮ್ಲಜನಕಕ್ಕೆ ಕೊಡುತ್ತೆ, ಬಿಸಿಲಲ್ಲಿ ಎಲೆ ಬೇಗ ಸುಡೋದು ಅದಕ್ಕೇ. ಸ್ಪ್ರೇ ಹನಿ ದಪ್ಪ, ಉಸಿರಲ್ಲಿ ಆಳಕ್ಕೆ ಇಳಿಯೋದು ಕಡಿಮೆ. ಕೊಲ್ಲೋದು ಬಾಯಿಂದ ಹೋದಾಗ, ಗಾಯದ ಚರ್ಮದ ಮೂಲಕವೂ ಹೋಗುತ್ತೆ. ಎಲ್ಲಿಂದ ಹೋದರೂ ಶ್ವಾಸಕೋಶ ಅದನ್ನು ಪಾಲಿಅಮೀನ್ ಅಂದುಕೊಂಡು ಎಳೆದುಕೊಳ್ಳುತ್ತೆ. ಆಮ್ಲಜನಕ ಕೊಟ್ಟಷ್ಟೂ ಹಾನಿ ಹೆಚ್ಚು, ಹಾಗಾಗಿ ವೈದ್ಯರು ಅಲ್ಲಿ ಆಕ್ಸಿಜನ್ ಹಿಡಿದು ಹಿಡಿದು ಕೊಡ್ತಾರೆ. ತುಂಬಿದ ನಳಿಕೆ ಕಟ್ಟಿಕೊಂಡರೆ ಬಾಯಲ್ಲಿ ಊದೋ ಚಾಳಿ ಇದೆಯಲ್ಲ, ಅದು ಬಿಡಿ. ತಂತಿ, ನೀರು ಸಾಕು.

ಹೂಟಗಳ್ಳಿ_ಶೆಡ್
ತಲೆ ತಿರುಗ್ತಿದೆ. ಮಾತ್ರೆಗೆ ಯಾರೂ ಕಡ್ಡಿ ಮುರಿದ ಹಾಗೆ ಉತ್ತರ ಕೊಟ್ಟಿಲ್ಲ.

ಮಿಲಿಗ್ರಾಂ
ಬೇಡ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಾಯಿತು. ಫಲಿತಾಂಶ ಬಂದಿದ್ದು 1994ರಲ್ಲಿ. ಅಮೆರಿಕದ ಇನ್ನೊಂದರಲ್ಲಿ ಧೂಮಪಾನಿಗಳ ಜೊತೆ ಆಸ್‌ಬೆಸ್ಟಾಸ್ ಕಾರ್ಮಿಕರೂ ಇದ್ದರು, ಒಟ್ಟು 18,314 ಜನ. ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟರು. ಶೇ. 28 ಹೆಚ್ಚು ಕ್ಯಾನ್ಸರ್ ಕಂಡು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಧೂಳಲ್ಲಿ ದುಡಿಯೋ, ಬೀಡಿ ಸೇದೋ ಜನಕ್ಕೆ ಕೊಡಬಾರದ ಮಾತ್ರೆ ಏನಾದ್ರೂ ಇದ್ದರೆ ಇದೇ. ನಿಮ್ಮ ಪಟ್ಟಿಯಲ್ಲಿ ಅದಿದೆಯಾ ನೋಡಿ.

600 ಇಂಟು 11 ಇಂಟು 12, 79,200 ರೂಪಾಯಿ. ನೀರಿನ ಲೈನಿಗೆ ಹಾಕಿ.

ಡಬ್ಬಿ_ಬ್ರಷ್ಷು
ಪಟ್ಟಿ ಹಾಕಿ ನೋಡೋಣ.

ಹೂಟಗಳ್ಳಿ_ಶೆಡ್
ಬೀಟಾ ಕ್ಯಾರೋಟಿನ್ 15 ಮಿಲಿಗ್ರಾಂ, ವಿಟಮಿನ್ ಇ, ಸತು, ಸೆಲೆನಿಯಂ. ವಾಪಸ್ ಕಳಿಸ್ತೀನಿ. ಅವನೇ ‘ಆಕ್ಸಿಡೇಟಿವ್ ಸ್ಟ್ರೆಸ್ ರಕ್ತ ಪರೀಕ್ಷೆ’ ಕೂಡ ಮಾಡಿಸ್ತೀನಿ ಅಂದಿದ್ದ.

ಕೋಶಪಾಠ
ಮೂತ್ರದ 8-ಒಎಚ್‌ಡಿಜಿ, ರಕ್ತದ ಎಂಡಿಎ ಇವೆಲ್ಲ ರ‍್ಯಾಡಿಕಲ್ ಹಾನಿಯ ಗುರುತುಗಳು, ಗುಂಪುಗಳನ್ನು ಹೋಲಿಸೋ ಸಂಶೋಧನೆಗೆ ಸರಿ. ಒಬ್ಬನ ಅಂಕಿ ನೋಡಿ ಏನೂ ತೀರ್ಮಾನಿಸೋಕಾಗಲ್ಲ, ಬೆಳಿಗ್ಗೆ ಸೇದಿದ ಬೀಡಿಗೇ ಏರುತ್ತೆ. ಅದರ ಬದಲು ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಗಾಳಿ ಅಳೆಯೋ ಪರೀಕ್ಷೆ), ಕಲ್ಲಿನವರಿಗೆ ಎದೆ ಎಕ್ಸ್‌ರೇ. ಸ್ಪೈರೋಮೆಟ್ರಿಯಲ್ಲಿ ಮೊದಲ ಸೆಕೆಂಡಿನ ಗಾಳಿ ವಯಸ್ಸಿಗೆ ಸಹಜವಾಗಿ ವರ್ಷಕ್ಕೆ 30 ಮಿಲಿಲೀಟರ್ ಆಸುಪಾಸು ಇಳಿಯುತ್ತೆ. ಇಳಿತ ವರ್ಷವರ್ಷ ಅದರ ಎರಡು-ಮೂರು ಪಟ್ಟು ಆದರೆ ಎಚ್ಚರ. ಹಳೇ ರಿಪೋರ್ಟ್ ಬಿಸಾಡಬೇಡಿ, ಹೋಲಿಕೆಗೆ ಅದೇ ಬೇಕು. ಸಿಲಿಕೋಸಿಸ್ ಕಾನೂನಿನ ಪಟ್ಟಿಯಲ್ಲಿರೋ ವರದಿ ಮಾಡಲೇಬೇಕಾದ ಕಾಯಿಲೆ ಅನ್ನೋದೂ ಗೊತ್ತಿರಲಿ. ಎದೆರೋಗದ ಡಾಕ್ಟರಿಗೆ ಕೆಲಸ ಏನು ಅಂತ ಮೊದಲೇ ಹೇಳಿ, ಇಲ್ಲದಿದ್ರೆ ಎಕ್ಸ್‌ರೇ ನೋಡಿ ಟಿಬಿ ಅಂತಲೇ ಹೊರಡ್ತಾರೆ.

ಮುಖಗವಸು
ಮಾಸ್ಕ್ ಕೊನೆಗೆ. ಎನ್95 ಸರಿಯಾಗಿ ಕೂತರೆ ಹತ್ತು ಪಟ್ಟು ಕಡಿಮೆ ಮಾಡುತ್ತೆ ಅಂತ ಲೆಕ್ಕ. ಮಿತಿ 0.05 ಅಂದುಕೊಂಡರೆ ಹೊರಗೆ 0.5 ತನಕ ಪರವಾಗಿಲ್ಲ. ಒಣ ಕಟಿಂಗಲ್ಲಿ ಅದನ್ನೂ ದಾಟೋದು ಸುಲಭ, ಆದ್ದರಿಂದ ನೀರು ಮೊದಲು, ಮಾಸ್ಕ್ ಅದರ ಮೇಲೆ. ಐಎಸ್ 9473 ಗುರುತು ನೋಡಿ ಕೊಳ್ಳಿ. ಗಡ್ಡ ಇದ್ದರೆ ಅಂಚಿನಿಂದ ಗಾಳಿ ನುಗ್ಗುತ್ತೆ. ಎರಡು ದಾರದಲ್ಲಿ ಕೆಳಗಿನದು ಕತ್ತರಿಸಿ ಹಾಕ್ಕೊಳ್ಳೋರು ಬಹಳ. ಒದ್ದೆ ಟವೆಲ್ಲು ಮಾಸ್ಕ್ ಅಲ್ಲ.

ಸಂಜೆ ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆ ಧೂಳು ಹೊಡ್ಕೊಳ್ಳೋದು ನಿಲ್ಲಿಸಿ. ದಿನವಿಡೀ ತಡೆದಿದ್ದನ್ನು ಎರಡು ನಿಮಿಷದಲ್ಲಿ ಕುಡಿದ ಹಾಗೆ.

ಹೂಟಗಳ್ಳಿ_ಶೆಡ್
ಆಯ್ತು. ಫ್ಯಾನ್ ಇವತ್ತೇ ತೆಗೆಸಿದೆ. ವೆಟ್ ಗ್ರೈಂಡರ್ ಎರಡು, ಆರ್‌ಸಿಸಿಬಿ, ವೆಲ್ಡಿಂಗಿಗೆ ಬಗ್ಗೋ ತೋಳು, ಪೇಂಟಿಂಗ್ ಹಿಂದಿನ ಜಾಗಕ್ಕೆ ಪ್ರತ್ಯೇಕ ಗೋಡೆ. ಪೇಂಟು ಒಂದು ಡಬ್ಬಿಯದೇ. ಒಂದು ಉಳಿದಿದೆ: ನೀರಲ್ಲಿ ಕತ್ತರಿಸಿದರೆ ಬರೋ ಕೆಸರು ಏನು ಮಾಡೋದು? ಚರಂಡಿಗೆ ಬಿಟ್ಟರೆ ಕಟ್ಟಿಕೊಳ್ಳುತ್ತೆ.

ಕಲ್ಲುಕುಟಿಕ_ಪಾಂಡವಪುರ
ಚರಂಡಿಗೆ ಬೇಡ. ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟು ಮೂರು ಗುಂಡಿ ಸಾಲಾಗಿ ಕಟ್ಟಿ, ಒಂದರ ಮೇಲಂಚಿಂದ ಇನ್ನೊಂದಕ್ಕೆ ನೀರು ಹರಿಯಲಿ. ಮೂರನೇ ಗುಂಡಿಯ ತಿಳಿ ನೀರನ್ನೇ ಮೋಟಾರಲ್ಲಿ ಮತ್ತೆ ಬ್ಲೇಡಿಗೆ ಕೊಡಬಹುದು. ಆದರೆ ವಾರಕ್ಕೊಮ್ಮೆ ಬದಲಿಸಿ, ಕಲಕಿದ ನೀರಿನ ತುಂತುರಲ್ಲೂ ಸಿಲಿಕಾ ಇರುತ್ತೆ. ಕೆಸರನ್ನು ಹಸಿ ಇರೋವಾಗಲೇ ಸಲಿಕೆಯಲ್ಲಿ ಎತ್ತಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಒಣಗೋಕೆ ಬಿಟ್ಟು ಪೊರಕೆ ಹಿಡಿದ್ರೆ ಗ್ರೈಂಡರ್ ಇಲ್ಲದೇ ಅದೇ ಧೂಳು.

ವೈರ್‌ಮನ್_570
ಆ ಗುಂಡಿ ಮೋಟಾರಿನ ವೈರೂ ಅದೇ ಆರ್‌ಸಿಸಿಬಿ ಕೆಳಗೆ ಬರ್ಲಿ, ಮರೀಬೇಡಿ.

ಸಕ್ಕರೆನಾಡು
ಗುಂಡಿ ಪೂಜೆ ದಿನ ಬೆಲ್ಲದ ಪಾನಕ ನನ್ ಕಡೆಯಿಂದ. ಹೈಡ್ರೋಸ್ ಹಾಕಿಲ್ಲ, ಕಪ್ಪಗೈತೆ.